ಏರು ಹತ್ತದ ಬೈಕು

ಆಗಸ್ಟ್ ೯, ಶನಿವಾರ. ಕಡಬ.

ಮೋಟಾರಿನ ಬಲ ಕಡಿಮೆಯಿರುವುದರಿಂದ ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಬೈಕನ್ನೇ ಕೊಳ್ಳುವಂತೆ ನನ್ನ ವಿದ್ಯಾರ್ಥಿನಿ ದೀಪ್ತಿಗೆ ಹೇಳಿದವನು ನಾನು. ಅವಳಿಗಿನ್ನೂ ಹದಿನೇಳು, ಕಾನೂನು ಮೀರಬಾರದೆಂಬುದಷ್ಟೇ ನನ್ನ ಲಕ್ಷ್ಯದಲ್ಲಿತ್ತು. ಉಪ್ಪಿನಂಗಡಿಯ ಸಮತಟ್ಟು ಹೆದ್ದಾರಿಯಲ್ಲಿ ಓಡಿಸಿ ನೋಡಿ ಒಪ್ಪಿದೆವು. ಆ ಸಂಭ್ರಮದಲ್ಲಿ ಅವಳ ಮನೆಯ ಗುಡ್ಡದ ದಾರಿ ಇಬ್ಬರಿಗೂ ಮರೆತುಹೋಯಿತು.

ಇಂದು ಪಾಠಕ್ಕೆ ಬಂದವಳು, "ಸರ್, ಏರಿನಲ್ಲಿ ನಾನೇ ಬೈಕನ್ನು ಮನೆಗೆ ಕರ್ಕೊಂಡು ಹೋಗುದು" ಎಂದು ನಕ್ಕಳು. ಬಳಿಕ ಮೆಲ್ಲಗೆ, "ಅಂಗಡಿಯವರು, ಮೋಟಾರಿನ ಬಲ ತಡೆಯುವ ಒಂದು ವಯರ್ ತೆಗೆದ್ರೆ ಹತ್ತುತ್ತದೆ ಅಂತಾರೆ. ಮತ್ತೆ ಲೈಸೆನ್ಸ್ ಬೇಕಾಗ್ತದಂತೆ. ಎಂತ ಮಾಡುದು?"

ಸಂಜೆಯ ತರಗತಿ ಮುಗಿಯುವಾಗ ಅವಳ ಊರಿಗೆ ಬಸ್ಸಿಲ್ಲ. ಬೈಕೂ ಇಲ್ಲವಾದರೆ ಮನೆಯವರು ಕಾಲೇಜು ಬಿಡಿಸಿಯಾರು. ಸೋಮವಾರ ಹೇಳುತ್ತೇನೆಂದು ಕಳುಹಿಸಿದೆ. ಹದಿನೆಂಟು ತುಂಬುವವರೆಗೆ ತಳ್ಳು ಎನ್ನಲು ಬಾಯಿ ಬರುತ್ತಿಲ್ಲ. ವಯರ್ ತೆಗೆಸು ಎನ್ನಲು, ಅದೂ ಕಾನೂನು ಮೀರಬಾರದೆಂದು ಈ ಬೈಕನ್ನೇ ಕೊಳ್ಳಿಸಿದ ನಾನು...