ರಿಬ್ಬನ್ ಕತ್ತರಿಸಿದ ಸಾಹೇಬರಿಗೆ

ಜಿಲ್ಲೆಯ ಆರೋಗ್ಯವನ್ನು ಹೆಗಲ ಮೇಲೆ ಹೊತ್ತಿರುವ ಅಧಿಕಾರಿಗಳ ಘನ ಸನ್ನಿಧಿಗೆ,

ಮಾನ್ಯರೇ, ಕಳೆದ ವರ್ಷ ತಾವು ಬೀದರಿನ ಒಂದು ಸೌಂದರ್ಯ ಚಿಕಿತ್ಸಾಲಯದ ರಿಬ್ಬನ್ ಕತ್ತರಿಸಿದಿರಿ. ಅಲ್ಲಿ ಸ್ತನಗಳಿಗೆ ಸಿಲಿಕಾನ್ ಇಂಪ್ಲಾಂಟ್ ಹಾಕಿಸಿಕೊಂಡ ನಮ್ಮ ಅಕ್ಕ ಸ್ನೇಹಲ ಈಗ ಜ್ವರದಿಂದ ಮಲಗಿದ್ದಾಳೆ. ಎಡಗಡೆಯದು ಕಲ್ಲಿನಂತೆ ಬಿಗಿದು ಮೇಲಕ್ಕೆ ಸರಿದಿದೆ, ಹೊಲಿಗೆಯಿಂದ ಕೀವು ಬರುತ್ತಿದೆ. ನನಗೆ ತಿಳಿದ ಮಟ್ಟಿಗೆ ಆ ಕಟ್ಟಡದಲ್ಲಿ ತೊಡಕಿಲ್ಲದೆ ಮುಗಿದ ಶಸ್ತ್ರಕ್ರಿಯೆ ರಿಬ್ಬನ್ನಿನದೊಂದೇ. ತಮ್ಮ ಕೈಗುಣಕ್ಕೆ ಶರಣು.

ಅಕ್ಕನ ಹೆಸರು ಬರೆಯಲು ಅವಳ ಅಪ್ಪಣೆಯಿದೆ. ಅವಳು ಭಾಲ್ಕಿಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ಹಾಕು ತಮ್ಮಾ. ಇಡೀ ಭಾಲ್ಕಿಗಿ ಗೊತ್ತಾಗ್ಯದ, ನಿಮ್ಮ ಸಾಹೇಬ್ರಿಗಿ ಒಬ್ರಿಗೇ ಗೊತ್ತಿಲ್ಲ" ಎಂದಳು.

ಅವಳು ಆ ಜಾಗವನ್ನು ನಂಬಿದ್ದು ಗೋಡೆಯ ಮೇಲಿನ ತಮ್ಮ ಫೋಟೋ ನೋಡಿ. ಹೆಗಲಿಗೆ ಶಾಲು, ಕೈಯಲ್ಲಿ ಕತ್ತರಿ, ಮುಖದಲ್ಲಿ ಕರುಣೆ. "ಒಳಗೇನದ ಅಂತ ನೋಡ್ದೇ ಕತ್ತರಿ ಹಿಡದಿರ್ತಾರೇನು?" ಎಂದು ನನ್ನನ್ನೇ ಕೇಳಿದ್ದಳು. ಈಗ ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ನೋಡಿದ್ದಿರಾ?

ಹೈದ್ರಾಬಾದಿನಿಂದ ಬರುತ್ತಿದ್ದ ಸರ್ಜನ್ ಈಗ ಫೋನ್ ಎತ್ತುವುದಿಲ್ಲ. ಕೌಂಟರಿನವರು "ಮಾಲೀಸ್ ಮಾಡ್ಕೊಳ್ರಿ, ತಾನೇ ಜಾಗಕ್ಕ ಕೂಡ್ತದ" ಎನ್ನುತ್ತಾರೆ. ಬೇರೆ ಆಸ್ಪತ್ರೆಗಳಿಗೆ ಹೋದರೆ ಹಾಕಿದವರೇ ತೆಗೆಯಬೇಕಂತೆ. ಕೊನೆಗೆ ತಮ್ಮ ಕಚೇರಿಗೆ ಬಂದೆವು. ಗುಮಾಸ್ತರು ಅರ್ಜಿ ಮುಟ್ಟಲೇ ಇಲ್ಲ.

"ಇದು ರೋಗ ಅಲ್ಲ ಬಿಡ್ರಿ ಅಕ್ಕಾರ, ಶೋಕಿ."

"ಶೋಕಿಗಿ ಕೀವು ಆಗ್ತದೇನ್ರಿ?" ಅಕ್ಕ ಕೇಳಿದಳು.

"ಯಾಕ ಮಾಡಿಸ್ಕೊಂಡ್ರಿ, ಮೊದ್ಲ ಅದು ಹೇಳ್ರಿ."

ಯಾಕೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಬೇಕಿತ್ತು. ಎಲ್ಲಿ ನೋಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಫೋಟೋದಲ್ಲಿ ತಮ್ಮ ಮೀಸೆ ಅಷ್ಟು ಕಪ್ಪಗಿದೆ. ಯಾಕೆಂದು ನಾವು ಕೇಳಿದೆವೇ? ಅಕ್ಕನನ್ನೂ ನಾನು ಕೇಳಿಲ್ಲ. ಅವಳ ಮೈ, ಅವಳ ಮನಸ್ಸು.

ಬೀದರಿನ ಚಿದ್ರಿಯ ಓಣಿಯಲ್ಲಿ ನಾನು ತಮಾಷೆಗೆ ಹೆಸರಾದವನು. ರಸ್ತೆಯ ಗುಂಡಿಗೆ ಹುಟ್ಟುಹಬ್ಬ ಮಾಡಿ, ಪೇಢಾ ಹಂಚಿದವನು. ಈ ಪತ್ರಕ್ಕೂ ನಗೆ ತುಂಬಬೇಕೆಂದಿದ್ದೆ, ಆದರೆ ದಣಿದಿದ್ದೇನೆ. ಅಕ್ಕನ ಹಣೆಯ ತಣ್ಣೀರು ಪಟ್ಟಿ ಬದಲಿಸುತ್ತ ಬರೆಯುತ್ತಿದ್ದೇನೆ.

ಹೋದ ವಾರ ಮತ್ತೆ ಆ ಚಿಕಿತ್ಸಾಲಯಕ್ಕೆ ಹೋಗಿದ್ದೆವು. ತಮ್ಮ ಫೋಟೋದ ಕೆಳಗೆ ಔರಾದಿನ ಹುಡುಗಿಯೊಬ್ಬಳು ಸರದಿ ಕಾಯುತ್ತಿದ್ದಳು. ಅಕ್ಕನ ಮುಖ ನೋಡಿ ಅವಳೇ ಧೈರ್ಯ ಹೇಳಿದಳು: "ಅಂಜಬ್ಯಾಡ್ರಿ ಅಕ್ಕಾ, ಸರ್ಕಾರದವ್ರೇ ಬಂದು ಉದ್ಘಾಟನಾ ಮಾಡ್ಯಾರ." ಅಕ್ಕ ಅವಳ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು, ಕುಪ್ಪಸ ಬಿಚ್ಚಿ ತೋರಿಸಿದಳಂತೆ. ಹುಡುಗಿ ಹೊರಬಂದವಳೇ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟಳು. ಅಕ್ಕ ಗೋಡೆ ಹಿಡಿದು ನಿಂತಿದ್ದಳು.

ಆ ಚಿಕಿತ್ಸಾಲಯದಲ್ಲಿ ನಡೆದ, ನನಗೆ ಗೊತ್ತಿರುವ ತಪಾಸಣೆ ಅದೊಂದೇ.

ಆದ್ದರಿಂದ ಆಗ್ರಹಪೂರ್ವಕ ಬೇಡಿಕೆ: ಈ ವಾರದೊಳಗೆ ಅಕ್ಕನ ಇಂಪ್ಲಾಂಟ್ ತೆಗೆಯಲು ಒಬ್ಬ ಸರ್ಜನ್‌ರನ್ನು ಗೊತ್ತುಮಾಡಿ. ವಿಚಾರಣೆ ಮುಗಿಯುವತನಕ ಆ ಬಾಗಿಲಿಗೆ ಬೀಗ ಹಾಕಿಸಿ. ಇಲ್ಲಿಯವರೆಗೆ ತಮ್ಮ ಬದಲು ತಪಾಸಣೆಯ ಕೆಲಸ ನೋಡಿಕೊಂಡ ನಮ್ಮ ಅಕ್ಕನಿಗೆ ರಜೆ ಮಂಜೂರು ಮಾಡಿ. ಅವಳಿಗೆ ಜ್ವರ ಇಳಿದಿಲ್ಲ.

ಇಂತಿ,
ನಗಿಸುವುದನ್ನು ಸದ್ಯಕ್ಕೆ ನಿಲ್ಲಿಸಿರುವ
ಚಿದ್ರಿಯ ನಿತಿನ