ಚೊಚ್ಚಲಿಗೆ ಹನ್ನೊಂದು ಮರಿ

ಕಂಕನಾಡಿ, 1962

ಪ್ರೀತಿಯ ಗ್ಲ್ಯಾಡಿಸ್,

ಇವತ್ತು ಬೆಳಿಗ್ಗೆ ನಮ್ಮ ಎಳೆಯ ಕಪ್ಪುಹಂದಿ ಚೊಚ್ಚಲಿಗೇ ಹನ್ನೊಂದು ಮರಿ ಹಾಕಿತು! ಎಲ್ಲವೂ ಗಟ್ಟಿಮುಟ್ಟಾಗಿವೆ. ಒಂದನ್ನೊಂದು ತಳ್ಳಿಕೊಂಡು ಹಾಲು ಕುಡಿಯುವುದನ್ನು ನೋಡುತ್ತ ನಾನು ಗಂಜಿ ಕುಡಿಯುವುದನ್ನೇ ಮರೆತೆ.

ನೀನು ಈ ಮನೆಯಲ್ಲಿದ್ದಾಗ ಇನ್ನೊಂದು ಎಳೆಯ ಹಂದಿ ಮೊದಲ ಸಲ ಬೆದೆಗೆ ಬಂದಿತ್ತು. ಆಗ ನೀನು ಹೇಳಿದ್ದೆ, "ಮಾಂಯ್, ಮೊದಲ ಬೆದೆಗೇ ಗಂಡಿನ ಹತ್ತಿರ ಬಿಡ್ಬೇಡಿ. ಅದಿನ್ನೂ ಮಗು. ಮೂರನೇ ಬೆದೆಯವರೆಗೆ ಕಾಯುವ."

"ಹಂದಿ ಸಾಕುವುದನ್ನು ನೀನು ನನಗೆ ಕಲಿಸುವುದಾ?" ಎಂದು ನಾನು ಅತ್ತೆಯ ಗತ್ತಿನಲ್ಲಿ ಎಲ್ಲರೆದುರು ಗದರಿಸಿದ್ದೆ. ನಿನ್ನ ಮಾತು ಕೇಳದೆ ಮೊದಲ ಬೆದೆಗೇ ಬಿಟ್ಟೆ, ಅದಕ್ಕೆ ನಾಲ್ಕೇ ಮರಿಯಾಯಿತು.

ಈ ಸಲ ಕಾದೆ. ಗಂಡಿನ ಹತ್ತಿರ ಬಿಡುವ ಮೊದಲು ಎರಡು ವಾರ ತೌಡು, ತೆಂಗಿನ ಹಿಂಡಿ ಹೆಚ್ಚಿಗೆ ಹಾಕಿದೆ, ನೀನು ಹೇಳುತ್ತಿದ್ದ ಹಾಗೆಯೇ.

ನನ್ನ ಮಗ ತೀರಿಕೊಂಡ ಮೇಲೆ ನೀನು ಮರುಮದುವೆಯಾಗಿ ಹೋದೆ. ಒಳ್ಳೆಯದನ್ನೇ ಮಾಡಿದೆ. ಆ ಮನೆಗೆ ನಾನು ಕಾಗದ ಹಾಕುವುದು ಚೆಂದವಲ್ಲ, ಇದು ನನ್ನ ಪೆಟ್ಟಿಗೆಯಲ್ಲೇ ಇರಲಿ.

ಮಧ್ಯಾಹ್ನ ಪಕ್ಕದ ಮನೆಯ ಹ್ಯೂಬರ್ಟ್ ಬಂದು ಮರಿಗಳನ್ನು ಎರಡೆರಡು ಸಲ ಎಣಿಸಿದ. ಮೂರನೇ ಬೆದೆಯವರೆಗೆ ಕಾದದ್ದನ್ನೂ ಹಿಂಡಿ ಹೆಚ್ಚು ಹಾಕಿದ್ದನ್ನೂ ಹೇಳಿದೆ. "ಎಂತ ತೆರೆಸಾಬಾಯಿ, ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟದ್ದು?"

"ನನ್ನ ಸೊಸೆ," ಎಂದೆ.