ಕೆಂಪು ಬಣ್ಣದ ತಾಟು

12 ಆಗಸ್ಟ್, ಮಂಗಳವಾರ

ನಿದ್ದೆ ಬರುತ್ತಿಲ್ಲ. ರಿಪೋರ್ಟನ್ನು ಎಂಟು ಸಲ ಓದಿದೆ. ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕಾಣಿಸುತ್ತಿಲ್ಲ! ಎರಡು ವರ್ಷ ದಿನಾ ನುಂಗಿದ ಗುಳಿಗೆ ಗೆದ್ದಿತು.

ನಾನು ಕಮಲಾಪುರದಲ್ಲಿ ಕ್ರೇಟಿಗೆ ಬಾಳೆಹಣ್ಣು ತುಂಬುವವನೆಂದು ಕಲಬುರಗಿಯ ಡಾಕ್ಟರಮ್ಮನಿಗೆ ಗೊತ್ತು. “ತಮ್ಮಾ, ಈ ವೈರಸ್ ಕೋರ್ ಅನ್ನೋ ಪ್ರೋಟೀನಿನ ಕ್ರೇಟ್ ಕಟ್ತದ. ಅದರಾಗ ತನ್ನ ನಕಲು ತಯಾರ್ ಮಾಡ್ತದ. ಗುಳಿಗಿ ಆ ನಕಲು ಮಾಡಾಕ ಬಿಡಂಗಿಲ್ಲ. ಖಾಲಿ ಕ್ರೇಟ್ ಇಟ್ಕೊಂಡು ಏನ್ ಮಾಡ್ತದ?” ಎಂದು ನಕ್ಕರು.

“ಹಂಗಾದ್ರ ಗುಳಿಗಿ ಬಿಡ್ಲೇನ್ರೀ?”

“ಬಾಳಿ ಕಡದ್ರ ಗಡ್ಡಿ ಸಾಯ್ತದೇನು? ಲಿವರ್‌ನಾಗ ಇದರ ಗಡ್ಡಿ ಇನ್ನೂ ಅದ. ಗುಳಿಗಿ ಬಿಟ್ರ ಮತ್ತ ಚಿಗೀತದ.”

ಜೊತೆಗೆ ಉಂಡರೆ ಇದು ಅಂಟುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಅವ್ವ ನಂಬಿರಲಿಲ್ಲ. ನನ್ನ ತಾಟಿನ ಅಂಚಿಗೆ ಕೆಂಪು ಬಣ್ಣ ಹಚ್ಚಿ ಬೇರೆ ಇಟ್ಟಿದ್ದಳು. ಇವತ್ತು ರಿಪೋರ್ಟಿನ ಸುದ್ದಿ ಅವಳಿಗೆ ಹೇಳಿ ಊಟಕ್ಕೆ ಕೂತರೆ ಆ ತಾಟು ಕಾಣಲಿಲ್ಲ.

“ಅವ್ವಾ, ನನ್ನ ತಾಟ ಎಲ್ಲಿ?”

“ಅದರಾಗ ನಾ ಉಣ್ಣಾಕತ್ತೀನಿ, ಕಣ್ಣ ಕಾಣಂಗಿಲ್ಲೇನು? ನೀ ಯಾವ್ದರೆ ತಗೋ.”

ನಾನು ಬೇರೆ ತಾಟು ತೆಗೆದುಕೊಳ್ಳಲಿಲ್ಲ. ಅವಳ ಎದುರಿಗೆ ಬಂದು ಆ ಕೆಂಪು ಅಂಚಿನ ತಾಟಿನಲ್ಲೇ ರೊಟ್ಟಿ ಮುರಿದೆ. ಅವಳು ಪಲ್ಯವನ್ನು ನನ್ನ ಕಡೆ ಸರಿಸಿದಳು.

ಅಯ್ಯೋ, ಈ ಖುಷಿಯಲ್ಲಿ ಇವತ್ತಿನ ಗುಳಿಗೆಯನ್ನೇ ನುಂಗಿಲ್ಲ. ಏಳಬೇಕು.